ನಾಲ್ಕೂವರೆ ಇನಿಂಗ್ಸಿಗೆ ಒಂದು ಔಟ್ ಕಡಿಮೆ

ನವೆಂಬರ್ 4, ಮಂಗಳವಾರ

ತಮ್ಮ ಒಲೆಗಾರಿಯೊನ ಬಲಗಾಲಿನ ಪ್ಲಾಸ್ಟರನ್ನು ಡಿಸೆಂಬರ್ ಮಧ್ಯದವರೆಗೆ ತೆಗೆಯುವುದಿಲ್ಲ. ಇದನ್ನು ನನಗೆ ತಿಳಿಸಿದವರು ಎದುರುಮನೆಯ ದೋನ್ಯಾ ಕ್ರೂಸಿತಾ; ಹಿರಿಯ ಹೆಂಗಸರನ್ನು ಇಲ್ಲಿ ದೋನ್ಯಾ ಎನ್ನುತ್ತಾರೆ. ಅವರಿಗೆ ತಿಳಿಸಿದವನು ಆಸ್ಪತ್ರೆಯ ಕಾವಲುಗಾರ. ಮಧ್ಯಾಹ್ನ ಡಾಕ್ಟರೂ ಅದನ್ನೇ ಹೇಳಿದರು. ಮೂರು ಮೂಲಗಳು ಒಂದೇ ಮಾತು ಹೇಳಿದ್ದರಿಂದ ನಿಜವೆಂದು ಬರೆದುಕೊಂಡಿದ್ದೇನೆ.

ತಮ್ಮ ಬಿದ್ದದ್ದು ಮದುವೆಮನೆಯಲ್ಲಿ, ಮೆರೆಂಗೆ ಕುಣಿಯುವಾಗ. ಬಿದ್ದ ಮೇಲೂ ಹಾಡು ಮುಗಿಯುವ ತನಕ ಒಂಟಿಕಾಲಲ್ಲಿ ಕುಣಿದನಂತೆ. ಇದಕ್ಕೆ ಅವನೊಬ್ಬನೇ ಮೂಲ, ಹಾಗಾಗಿ ಖಚಿತವಿಲ್ಲ.

ನಾನು ಕರಡು ತಿದ್ದುತ್ತಿದ್ದ ಪತ್ರಿಕೆ ಆಗಸ್ಟಿನಲ್ಲಿ ಅಚ್ಚಾಗುವುದನ್ನು ನಿಲ್ಲಿಸಿತು. ಕೈಗೆ ಕೆಲಸವಿಲ್ಲ. ಆದ್ದರಿಂದ ತಮ್ಮನ ಪಂತದ ಅಂಗಡಿಯಲ್ಲಿ, ಜಾಲರಿ ಕಿಟಕಿಯ ಹಿಂದೆ, ಕೂತಿದ್ದೇನೆ. ನನಗೆ ಬೇಸ್‌ಬಾಲ್ ಹಿಡಿಸುವುದಿಲ್ಲ. ಪಂತವೂ ಹಿಡಿಸುವುದಿಲ್ಲ. ಒಲೆಗಾರಿಯೊ ಹಿಂದಿನ ತೂಗುಕುರ್ಚಿಯಲ್ಲಿ ಕಾಲು ಚಾಚಿಕೊಂಡು ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾನೆ: "ನಮ್ಮಕ್ಕ ಸುನಿಲ್ದಾ. ಪತ್ರಿಕೆಯನ್ನೇ ಮದುವೆ ಆಗಿದ್ಲು. ಈಗ ವಿಧವೆ."

ರಾಜಧಾನಿಯ ಬಾಡಿಗೆ ಕೋಣೆಯನ್ನು ಬಿಟ್ಟಿಲ್ಲ. ಪ್ಲಾಸ್ಟರ್ ತೆಗೆದ ಮರುದಿನದ ಬಸ್ಸಿಗೆ ಹೊರಡುತ್ತೇನೆ.

ಬೇಲಿಯಾಚೆಯ ಮನೆಯಲ್ಲಿ ಒಂದು ಹುಂಜವಿದೆ. ಅದಕ್ಕೆ ಗಡಿಯಾರ ಗೊತ್ತಿಲ್ಲ.

ನವೆಂಬರ್ 6, ಗುರುವಾರ

ಗೋಡೆಗೆ ಅಂಟಿಸಿದ ನಿಯಮಗಳ ಹಾಳೆಯಲ್ಲಿ ಹತ್ತೊಂಬತ್ತು ತಪ್ಪುಗಳಿದ್ದವು. ಎಣಿಸಿದವಳು ನಾನು. ಇಡೀ ಹಾಳೆಯನ್ನು ಹೊಸದಾಗಿ ಬರೆದು ಅಂಟಿಸಿದೆ.

ಗೆಲುವಿನ ಪಂತ ಎಂದರೆ ಯಾರು ಗೆಲ್ಲುತ್ತಾರೆ ಎಂಬುದಷ್ಟೇ. ಆಟ ಒಂಬತ್ತು ಇನಿಂಗ್ಸಿನದು, ಆದರೆ ಐದು ಮುಗಿದ ಮೇಲೆ ಮಳೆಯೋ ಮತ್ತೊಂದೋ ಬಂದು ನಿಂತರೂ ಪಂತ ಸಿಂಧು. ನಮ್ಮೂರ ತಂಡ ಮುಂದಿದ್ದರೆ ನಾಲ್ಕೂವರೆಯೇ ಸಾಕು. ಮೂರು ಔಟ್ ಆದರೆ ಅರ್ಧ ಇನಿಂಗ್ಸ್ ಮುಗಿದಂತೆ. ಊರ ತಂಡ ಪ್ರತಿ ಇನಿಂಗ್ಸಿನ ಎರಡನೆಯ ಅರ್ಧದಲ್ಲಿ ಬ್ಯಾಟು ಹಿಡಿಯುವುದರಿಂದ, ಮುಂದಿರುವವರಿಗೆ ಆ ಅರ್ಧದ ಅಗತ್ಯವಿಲ್ಲ. ಅದಕ್ಕಿಂತ ಮೊದಲು ನಿಂತು, ಅದೇ ದಿನ ಮತ್ತೆ ಶುರುವಾಗದಿದ್ದರೆ ಪಂತ ರದ್ದು, ಕಟ್ಟಿದ್ದು ವಾಪಸ್. ಚೀಟಿಯಲ್ಲಿ ಹೆಸರಿಸಿದ ಇಬ್ಬರು ಪಿಚರ್‌ಗಳೇ ಎರಡೂ ಕಡೆಯಿಂದ ಚೆಂಡೆಸೆತ ಶುರುಮಾಡಬೇಕು. ಒಬ್ಬ ಬದಲಾದರೂ ರದ್ದು. 'ಯಾರು ಎಸೆದರೂ ಸರಿ' ಎಂದು ಬರೆಸಿದ್ದರೆ ಮಾತ್ರ ಸಿಂಧು. ಸೋಲಬಹುದಾದ ತಂಡಕ್ಕೆ ಒಂದೂವರೆ ರನ್ ಮುಂಗಡ ಕೊಟ್ಟು ಕಟ್ಟುವ ಪಂತವೂ ಇದೆ. ಅರ್ಧ ರನ್ ಯಾವ ಮೈದಾನದಲ್ಲೂ ಸಿಗುವುದಿಲ್ಲ. ಲೆಕ್ಕ ಸಮವಾಗಿ ಜಗಳವಾಗದಿರಲಿ ಎಂದು ಅದನ್ನು ಇಟ್ಟಿದ್ದಾರೆ.

ಪಕ್ಕದ ಕ್ಷೌರದಂಗಡಿಯ ಫೌಸ್ತೊ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದು ಪೂರ್ತಿ ಓದಿದ. ಅವನ ಗಿರಾಕಿ ಅರ್ಧ ತಲೆಯಲ್ಲಿ ಬಾಗಿಲ ಬಳಿ ನಿಂತಿದ್ದ.

"ಅಲ್ಲ ದೋನ್ಯಾ, ಹಳೇ ಹಾಳೇಲಿ ತಪ್ಪಿದ್ವು, ಜಗಳ ಆಡೋಕೆ ಜಾಗ ಇತ್ತು. ನೀವು ಸಂದಿಗೊಂದಿ ಎಲ್ಲಾ ಮುಚ್ಚಿಬಿಟ್ರಲ್ಲ!"

"ಅದಕ್ಕೇ ಬರೆದದ್ದು."

"ನಿಮ್ಮಕ್ಕ ಈ ಬೀದೀನ ಸ್ಮಶಾನ ಮಾಡ್ತಾರೆ ಕಣೋ ಒಲೆಗಾರಿಯೊ!"

ಹುಂಜದ ಯಜಮಾನನೂ ಬಂದಿದ್ದ. ದೋಣಿಯ ಮೋಟಾರು ರಿಪೇರಿ ಮಾಡುವ ವಿಧುರ, ಹೆಸರು ಮೋತಾ. ಹಾಳೆಯನ್ನು ಎರಡು ಸಲ ಓದಿ, "ಅಲ್ಪವಿರಾಮಗಳು ಚೆನ್ನಾಗಿವೆ" ಎಂದ. ಈ ಬೀದಿಯಲ್ಲಿ ಅದನ್ನು ಗಮನಿಸಿದವನು ಅವನೊಬ್ಬನೇ. ಹುಂಜದ ವಿಷಯ ಎತ್ತಿದೆ. ಅದರ ಹೆಸರು ಲೆಫ್ಟಿನೆಂಟ್ ಅಂತೆ. ಕಾಳಗದ ಕೋಳಿಯಲ್ಲ, ಸಾಕಿದ್ದು. "ಅವನಿಗೆ ನಿದ್ದೆ ಬರಲ್ಲ, ವೆಸಿನಾ," ಎಂದ. ನೆರೆಯವಳೇ ಎಂದು ಕರೆಯುವಷ್ಟು ಪರಿಚಯ ನಮ್ಮದಲ್ಲ.

ನವೆಂಬರ್ 12, ಬುಧವಾರ

ನಿನ್ನೆಯ ಆಟದಲ್ಲಿ ಹಿಟ್, ರನ್, ತಪ್ಪುಗಳ ಮೊತ್ತ ಇಪ್ಪತ್ತಾರು. ಮೂಲ: ಅಧಿಕೃತ ಸ್ಕೋರು ಹಾಳೆ. ಇಷ್ಟು ಬರೆದರೆ ವರದಿ ಮುಗಿಯಬೇಕಿತ್ತು.

ಈ ಮೂರನ್ನೂ ಕೂಡಿಸಿ ಇಪ್ಪತ್ತೈದಕ್ಕಿಂತ ಮೇಲೋ ಕೆಳಗೋ ಎಂದು ಕಟ್ಟುವ ಪಂತವೊಂದಿದೆ. ಏಳನೇ ಇನಿಂಗ್ಸಿನಲ್ಲಿ ಒಂದು ಚೆಂಡು ನಮ್ಮ ಪೆಲಿಕಾನೋಸ್ ತಂಡದ ಆಟಗಾರನ ಕೈಗವಸಿಗೆ ತಗುಲಿ ಜಾರಿತು. ಸ್ಕೋರು ಬರೆಯುವವನು ಅದನ್ನು ಹೊಡೆದವನ ಹಿಟ್ ಎಂದು ಬರೆದ. ಫೌಸ್ತೊ ಅದು ಹಿಡಿಯುವವನ ತಪ್ಪು ಎಂದ. ಅಷ್ಟಕ್ಕೇ ಬೀದಿ ಎರಡು ಪಾಲಾಯಿತು. ಕುರ್ಚಿಗಳು ಹೊರಬಂದವು. ಒಬ್ಬ ಬ್ರೆಡ್ಡಿನ ತುಂಡನ್ನು ಚೆಂಡಾಗಿ ಮಾಡಿಕೊಂಡು ಆ ಕ್ಷಣವನ್ನು ಆಡಿ ತೋರಿಸಿದ. ದೋನ್ಯಾ ಕ್ರೂಸಿತಾ ಯಾನಿಕೆಕೆ ರೊಟ್ಟಿ ಕರಿಯುವುದನ್ನು ಬಿಟ್ಟು ಬಂದು, ಹಿಂದಿನ ದಿನ ಕನಸಿನಲ್ಲಿ ಹರಿದ ಕೈಗವಸು ಕಂಡಿದ್ದರಿಂದ ಅದು ತಪ್ಪೇ ಎಂದು ಸಾಕ್ಷಿ ಹೇಳಿದರು.

ಸಂಜೆಯವರೆಗೆ ಕಾದು ಜಾಲರಿಯ ಮೇಲೆ ಪೆನ್ಸಿಲಿನಿಂದ ತಟ್ಟಿದೆ. "ಹಿಟ್ ಆದ್ರೂ ಒಂದು, ತಪ್ಪಾದ್ರೂ ಒಂದು. ಕೂಡಿಸಿದ್ರೆ ಮೊತ್ತ ಅಷ್ಟೇ. ಇಪ್ಪತ್ತಾರು."

ಫೌಸ್ತೊ, "ಅದು ನಂಗೂ ಗೊತ್ತಿತ್ತು ದೋನ್ಯಾ. ಇದು ಮರ್ಯಾದೆ ಪ್ರಶ್ನೆ," ಎಂದ. ಮತ್ತೆ ಶುರುವಾಯಿತು.

ಸೆನ್ಯೊರ್ ಮೋತಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದ. ನನಗೂ ಸ್ವಲ್ಪ ನಗು ಬಂತು. ಸೆಖೆ ಇರಬೇಕು.

ನವೆಂಬರ್ 15, ಶನಿವಾರ

ನಿನ್ನೆ ಪೆಲಿಕಾನೋಸ್ ಗೆದ್ದಿತು, ಆದರೆ ಗೆಲುವಿನ ಪಂತಗಳೆಲ್ಲ ರದ್ದು. ನಮ್ಮ ಪಿಚರ್‌ಗೆ ಹೊಟ್ಟೆ ಕೆಟ್ಟು ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ಎಸೆದ. ಇದನ್ನು ಮೊದಲು ಹೇಳಿದ್ದು ರೇಡಿಯೊ. ಸಿಗಡಿ ತಿಂದದ್ದೇ ಕಾರಣವೆಂದು ದೃಢಪಡಿಸಿದವರು ಪಿಚರ್‌ನ ಅತ್ತೆ.

ಗೆದ್ದವರಿಗೆ ಕಟ್ಟಿದ್ದನ್ನಷ್ಟೇ ವಾಪಸ್ ಕೊಡುವುದು ಸುಲಭದ ಕೆಲಸವಲ್ಲ. ಒಲೆಗಾರಿಯೊ ತೂಗುಕುರ್ಚಿಯಿಂದಲೇ, "ಅಕ್ಕಾ, ಅರ್ಧರ್ಧ ಕೊಟ್ಟು ಕೈ ತೊಳ್ಕೊ," ಎಂದ. ಅರ್ಧ ಸತ್ಯ ಎಂಬುದು ನನಗೆ ಗೊತ್ತಿಲ್ಲ. ಎಲ್ಲರಿಗೂ ಪೂರ್ತಿ ವಾಪಸ್ ಕೊಟ್ಟೆ, ಎಲ್ಲರಿಂದಲೂ ಬೈಸಿಕೊಂಡೆ. ದೋನ್ಯಾ ಕ್ರೂಸಿತಾ ಮೂರು ಆಟಗಳನ್ನು ಸರಪಳಿಯಂತೆ ಪೋಣಿಸಿ ಕಟ್ಟಿದ್ದರು. ಒಂದು ಕೊಂಡಿ ಕಳಚಿದರೂ ಉಳಿದ ಎರಡು ಹಾಗೇ ಇರುತ್ತವೆ ಎಂದು ವಿವರಿಸಿದೆ. "ನನ್ನ ಹಲ್ಲಿನ ಸೆಟ್ ಥರಾನೇ ಅನ್ನಿ," ಎಂದು ಒಪ್ಪಿಕೊಂಡರು.

ಸೆನ್ಯೊರ್ ಮೋತಾನ ಚೀಟಿಯೂ ಗೆಲ್ಲಬೇಕಿದ್ದ ಚೀಟಿಯೇ. ವಾಪಸ್ ತೆಗೆದುಕೊಂಡು, "ನಿಯಮ ಅಂದ್ರೆ ನಿಯಮ, ವೆಸಿನಾ," ಎಂದು ಹೋದ. ಬೆಳಿಗ್ಗೆ ಬೇಲಿಯ ಗೂಟಕ್ಕೆ ಒಂದು ಚೀಲ ನಿಂಬೆಹಣ್ಣು ತೂಗುಬಿದ್ದಿತ್ತು. ಮೂಲ ತಿಳಿಯಲಿಲ್ಲ. ಬೀದಿಯಲ್ಲಿ ನಿಂಬೆಮರ ಇರುವುದು ಒಂದೇ, ಬೇಲಿಯಾಚೆ.

ನವೆಂಬರ್ 21, ಶುಕ್ರವಾರ

ಇಂದು ಹುಂಜ ಕೂಗಲಿಲ್ಲ. ಎಚ್ಚರವಾಗಿದ್ದು ಕಾದೆ. ಜ್ವರ ಬಂದಿತೋ ಏನೋ ಎಂದು ಬೇಲಿಯ ಬಳಿ ಹೋಗಿ ನೋಡಿದೆ. ಚೆನ್ನಾಗಿದೆ. ಎಲಿಹಿಯೊ ಮೋತಾ ಅದರ ಬುಟ್ಟಿಯ ಮೇಲೆ ಕಪ್ಪು ಬಟ್ಟೆ ಹೊದಿಸಿದ್ದ. "ನಿಮಗೋಸ್ಕರ ಅಲ್ಲ ವೆಸಿನಾ, ಸೊಳ್ಳೆಗೆ," ಎಂದ.

ನವೆಂಬರ್ 26, ಬುಧವಾರ

ಇಂದು ನಾನೇ ಒಂದು ಪಂತ ಕಟ್ಟಿದ್ದೇನೆ. ಬೇರೆಯವರು ಇದನ್ನು ಹೇಗೆ ವರದಿ ಮಾಡುತ್ತಾರೋ ಗೊತ್ತಿಲ್ಲ, ಆದ್ದರಿಂದ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಎಲಿಹಿಯೊ ಮಧ್ಯಾಹ್ನ ಕಿಟಕಿಗೆ ಬಂದ. ಶುಭ್ರ ಅಂಗಿ. ಮೋಟಾರು ರಿಪೇರಿಗೆ ಯಾರೂ ಅಂಥ ಅಂಗಿ ಹಾಕುವುದಿಲ್ಲ.

"ಶುಕ್ರವಾರ ಪೆಲಿಕಾನೋಸ್ ಗೆದ್ರೆ ಭಾನುವಾರ ನಮ್ಮನೆಗೆ ಸಾಂಕೊಚೊ ಊಟಕ್ಕೆ ಬರ್ಬೇಕು, ವೆಸಿನಾ."

"ಸೋತ್ರೆ?"

"ಲೆಫ್ಟಿನೆಂಟ್‌ನ ನಮ್ಮಕ್ಕನ ಮನೆಗೆ ಕಳಿಸಿಬಿಡ್ತೀನಿ. ಮತ್ತೆ ನಿಮಗೆ ಅವನ ದನಿ ಕೇಳ್ಸಲ್ಲ."

ಕ್ರೂಸಿತಾ ಬಾಣಲೆಯ ಉರಿ ತಗ್ಗಿಸಿ ಕಿವಿಗೊಟ್ಟರು. ಭಾನುವಾರದ ಸಾಂಕೊಚೊ ಎಂದರೆ ಮಾಂಸ-ಗೆಡ್ಡೆಗಳ ಗಟ್ಟಿ ಸಾರಷ್ಟೇ ಅಲ್ಲ, ಅವನ ತಾಯಿ, ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ದೊಡ್ಡ ಹಂಡೆ. ಆ ಮೇಜಿಗೆ ಹೊರಗಿನ ಹೆಂಗಸೊಬ್ಬಳು ಕೂತರೆ ಸೋಮವಾರದೊಳಗೆ ಊರೆಲ್ಲ ಅವಳಿಗೆ ಹೊಸ ಹೆಸರಿಡುತ್ತದೆ. ನನಗೆ ಬೇಕಾದದ್ದು ನಿದ್ದೆ. ಹುಂಜ ಹೋಗುವ ಸಾಧ್ಯತೆ ಇದ್ದುದರಿಂದ ಒಪ್ಪಿದೆ.

"ಬರೆದುಕೊಡಿ," ಎಂದ. ಬರೆದೆ. ಗೆಲುವಿನ ಪಂತ, ಇಬ್ಬರು ಪಿಚರ್‌ಗಳ ಹೆಸರು, ಅಂಗಡಿಯ ಎಲ್ಲ ನಿಯಮಗಳೂ ಅನ್ವಯ.

ಫೌಸ್ತೊ ಕ್ಷೌರದಂಗಡಿಯಿಂದ ಕೂಗಿದ: "ಒಲೆಗಾರಿಯೊ, ನಿಮ್ಮಕ್ಕ ಮುಂಗಡ ರನ್ ಏನಾದ್ರೂ ಕೊಟ್ರಾ?"

"ಇಲ್ಲ ಕಣೋ. ಕೆಂಪಗಾದ್ಲು ಅಷ್ಟೆ!"

ಸುಳ್ಳು ವರದಿ. ಒಲೆಗಾರಿಯೊ ಕೂತಲ್ಲಿಂದ ನನ್ನ ಮುಖ ಕಾಣುವುದಿಲ್ಲ.

ನವೆಂಬರ್ 29, ಶನಿವಾರ

ಆಟ ನಿಂತಿತು. ಐದನೇ ಇನಿಂಗ್ಸಿನ ಮೊದಲರ್ಧ, ಎರಡು ಔಟ್, ಪೆಲಿಕಾನೋಸ್ 3, ಒಳನಾಡಿನ ಸೆರ್ರಾನೋಸ್ 1. ಉಳಿದ ಆಟ ಡಿಸೆಂಬರ್ 9ರಂದು, ನಿಂತಲ್ಲಿಂದಲೇ. ಇದನ್ನು ಪ್ರಕಟಿಸಿದ್ದು ಲೀಗಿನ ಕಚೇರಿ.

ಕಾರಣವನ್ನು ಲೀಗ್ ಪ್ರಕಟಿಸಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಬೀದಿಗೂ ಕ್ರೀಡಾಂಗಣಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ಪೆಲಿಕಾನೋಸ್ ಗೆದ್ದಾಗ ಇಲ್ಲಿ ಮನೆಮನೆಯವರೂ ಸ್ಪೀಕರುಗಳನ್ನು ಬಾಗಿಲಿಗೆ ತಂದು ಹಚ್ಚುವುದು ವಾಡಿಕೆ. ಗೆದ್ದಾಗ ಎಂದರೆ ಗೆದ್ದ ಮೇಲೆ. ನಿನ್ನೆ ಮಾತ್ರ ಇಡೀ ಬೀದಿ ಪೆಲಿಕಾನೋಸ್ ಮೇಲೆ ಕಟ್ಟಿತ್ತು, ನನ್ನ ಹಾಳೆಯನ್ನು ಎಲ್ಲರೂ ಬಾಯಿಪಾಠ ಮಾಡಿದ್ದರು. ನಾಲ್ಕೂವರೆ ಇನಿಂಗ್ಸಿಗೆ ಪಂತ ಗಟ್ಟಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎರಡನೇ ಔಟ್ ಆದಕೂಡಲೇ ಕುರ್ಚಿಗಳು ಸರಿದವು. ಮೂರನೆಯವನಿಗೆ ಎರಡು ಸ್ಟ್ರೈಕ್ ಆದವು. ಇನ್ನೊಂದು ಚೆಂಡು ತಪ್ಪಿದರೆ ಅವನೂ ಔಟ್.

ಆಗ ಎಲಿಹಿಯೊ ತನ್ನ ಸ್ಪೀಕರಿನ ಪ್ಲಗ್ ಹಾಕಿದ. ಹಳೆಯ ದೋಣಿಯ ಹಲಗೆಗಳಿಂದ ಅವನೇ ಕಟ್ಟಿದ್ದು, ಆಳೆತ್ತರ. ಅವನನ್ನು ನೋಡಿ ಫೌಸ್ತೊ ಹಾಕಿದ. ಫೌಸ್ತೊನನ್ನು ನೋಡಿ ಎಲ್ಲರೂ ಹಾಕಿದರು. ಬಚಾತಾ ಹಾಡಿನ ಗಿಟಾರು ಎರಡು ಕ್ಷಣ ಕೇಳಿಸಿತು, ಕಂಬದ ಮೇಲೆ ಢಮ್ ಎಂದು ನೀಲಿ ಬೆಳಕು ಹೊಡೆಯಿತು. ಅಂಗಡಿ, ಬೀದಿ, ಕ್ರೀಡಾಂಗಣ ಎಲ್ಲವೂ ಕತ್ತಲು.

ಕತ್ತಲಲ್ಲಿ ಮೊದಲು ಮಾತಾಡಿದವನು ಒಲೆಗಾರಿಯೊ. "ಔಟಾದ್ನಾ?"

ಆಗಿರಲಿಲ್ಲ. ಪಿಚರ್ ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದನೆಂದು ಬ್ಯಾಟರಿ ರೇಡಿಯೊ ಹೇಳಿತು.

ಬೆಳಿಗ್ಗೆ ಎಲ್ಲರೂ ಬಂದರು. ಫೌಸ್ತೊ ಮುಖಂಡ.

"ದೋನ್ಯಾ, ಲೀಗ್‌ನವರು ಆಟ ರದ್ದು ಅಂದಿಲ್ಲ, ನಿಂತಿದೆ ಅಂದಿದ್ದಾರೆ. ಒಂಬತ್ತನೇ ತಾರೀಕು ನಾವೇ ಗೆಲ್ತೀವಿ. ಅಲ್ಲೀವರೆಗೆ ಚೀಟಿ ಇಟ್ಕೊಳ್ಳಿ."

"ಆಟ ಲೀಗ್‌ನವರದ್ದು, ಅವರ ನಿಯಮ. ಚೀಟಿ ನಮ್ಮದು, ನಮ್ಮ ನಿಯಮ. ನಾಲ್ಕೂವರೆ ಆಗ್ಲಿಲ್ಲ, ಅದೇ ದಿನ ಶುರುವಾಗ್ಲಿಲ್ಲ. ರದ್ದು."

"ಒಂದು ಔಟ್ ದೋನ್ಯಾ! ಒಂದೇ ಒಂದು!"

"ಒಂದು ಔಟ್ ಕಮ್ಮಿ ಅಂದ್ರೆ ಕಮ್ಮಿ. ಪ್ಲಗ್ ಹಾಕೋಕೆ ಯಾರು ಹೇಳಿದ್ರು?"

ಎಲ್ಲರೂ ಎಲಿಹಿಯೊನನ್ನು ನೋಡಿದರು. ಅವನು ನೆಲ ನೋಡಿದ.

ಮೊದಲ ಇನಿಂಗ್ಸಿನಲ್ಲಿ ರನ್ ಬರುತ್ತದೋ ಇಲ್ಲವೋ ಎಂದು ಕಟ್ಟಿದವರಿಗೆ ಮಾತ್ರ ತೀರ್ಮಾನ ಕೊಟ್ಟೆ. ಆ ಇನಿಂಗ್ಸ್ ಮುಗಿದಿತ್ತು, ಬಂದಿತ್ತು. ಉಳಿದವರಿಗೆಲ್ಲ ವಾಪಸ್. ಕೊನೆಗೆ ಅವನ ಚೀಟಿ ಬಂತು. ಎಲ್ಲರೂ ಕಿವಿ ತೆರೆದುಕೊಂಡಿದ್ದರು. ನಾನು ಸರಿಯಾಗಿ ಓದಿದೆ: "ರದ್ದು. ಅವರವರು ಕಟ್ಟಿದ್ದು ಅವರವರಿಗೆ. ನಿಮ್ಮ ಹುಂಜ ನಿಮಗೆ, ನನ್ನ ಭಾನುವಾರ ನನಗೆ."

"ಸರಿ, ವೆಸಿನಾ," ಎಂದ. ಟೋಪಿ ಹಾಕಿಕೊಂಡು ಹೋದ.

ಕರೆಂಟು ಬಂದ ಮೇಲೆ, ಕೇವಲ ನಿಖರತೆಗಾಗಿ, ರಾಜಧಾನಿಯಲ್ಲಿ ನಮ್ಮ ಪತ್ರಿಕೆಯ ಹಳೆಯ ಕ್ರೀಡಾ ಸಂಪಾದಕರಿಗೆ ಫೋನ್ ಮಾಡಿದೆ. ರದ್ದು ಎಂದರು. ದುಡ್ಡಿಲ್ಲದ ಪಂತಕ್ಕೆ ಬೇರೆ ನಿಯಮ ಇರಬಹುದೇ ಎಂದು ಕೇಳಲು ಮತ್ತೆ ಮಾಡಿದೆ. ಇಲ್ಲ ಎಂದರು. ಪಣಕ್ಕಿಟ್ಟದ್ದು ಜೀವಂತ ಪ್ರಾಣಿಯಾಗಿದ್ದರೆ? ಮೂರನೇ ಸಲ ಅವರು, "ಸುನಿಲ್ದಾ, ಯಾರಮ್ಮ ಅವನು?" ಎಂದು ಕೇಳಿದರು. ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ. ಫೋನ್ ಇಟ್ಟೆ.

ನವೆಂಬರ್ 30, ಭಾನುವಾರ

ಸಾಂಕೊಚೊ ವಾಸನೆ ಬೇಲಿ ದಾಟಿ ಬಂತು. ನಾನು ಅನ್ನಕ್ಕೆ ಡಬ್ಬಿ ಮೀನು ಕಲಸಿಕೊಂಡು ತಿಂದೆ. ನನ್ನ ಭಾನುವಾರ ನನಗೆ ವಾಪಸ್ ಬಂದಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಡಿಸೆಂಬರ್ 3, ಬುಧವಾರ

ಎಲಿಹಿಯೊ ಬರಲಿಲ್ಲ. ನಿನ್ನೆಯೂ ಇಲ್ಲ.

ಹುಂಜ ಕೂಗಿತು. ಹೋದ ವಾರಕ್ಕಿಂತ ಗಂಟಲು ಚೆನ್ನಾಗಿದೆ.

ಡಿಸೆಂಬರ್ 4, ಗುರುವಾರ

ಎಲಿಹಿಯೊ ನಮ್ಮ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದಾನೆ. ಹೇಳಿದವನು ಒಲೆಗಾರಿಯೊ.

"ಅವನ ಪಂತ ಈಗ ಪೇಟೆ ಕಡೆ ಅಂಗಡೀಲಿ. ಏನಕ್ಕೆ ಅಂತೀಯಾ? ರದ್ದು ಅನ್ನೋವಾಗ ನಿಂಗೆ ಎಷ್ಟು ಖುಷಿ ಆಗಿತ್ತು ಅಂತ ಅವನು ನೋಡಿದ್ನಂತೆ."

"ನನಗೇನು ಖುಷಿ?"

"ನಂಗೇನ್ ಗೊತ್ತಕ್ಕಾ? ತೀರ್ಪು ಕೊಡೋ ಜಡ್ಜಮ್ಮನ ಥರ ಓದಿದೆ. ಬಡಪಾಯಿ, ಒಂದು ತಿಂಗಳು ಅಂಗಿ ಇಸ್ತ್ರಿ ಮಾಡಿದ್ದ."

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಅದೇ ಜಾಗದಲ್ಲಿ ತಿದ್ದುಪಡಿ ಹಾಕುವುದು ಕ್ರಮ. ತಡವಾದಷ್ಟೂ ತಪ್ಪೇ ಸತ್ಯವಾಗಿಬಿಡುತ್ತದೆ. ಸಂಜೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬೇಲಿಯ ಬಳಿ ಹೋದೆ. ಎಲಿಹಿಯೊ ಮೋಟಾರೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಲೆಫ್ಟಿನೆಂಟ್ ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದ.

"ಶನಿವಾರ ನಾನು ರದ್ದು ಅಂದೆ," ಎಂದೆ. "ಅದು ಸರಿ. ಆದ್ರೆ ಖುಷಿಯಿಂದ ಅಂದೆ ಅಂತ ಯಾರಾದ್ರೂ ತಿಳ್ಕೊಂಡಿದ್ರೆ ಅದು ತಪ್ಪು ವರದಿ."

ಅವನು ಕೈ ಒರೆಸಿಕೊಂಡ. "ನಾನು ಹಾಗೆ ತಿಳ್ಕೊಂಡಿದ್ದೀನಿ ಅಂತ ಯಾರು ಹೇಳಿದ್ರು?"

"ಒಲೆಗಾರಿಯೊ."

"ಮೂಲ ಗಟ್ಟಿ ಇಲ್ಲ."

"ಇಲ್ಲ. ಅದಕ್ಕೇ ನಾನೇ ಕೇಳೋಣ ಅಂತ ಬಂದೆ."

ಅವನು ನಕ್ಕ. ಬೇಲಿ ಹಿಡಿದು ಎದ್ದುನಿಂತ. "ತಪ್ಪು ನಂದು ವೆಸಿನಾ. ಒಂದು ಔಟ್ ತಾಳ್ಮೆ ಇರ್ಲಿಲ್ಲ. ಪಂತ ಗಟ್ಟಿ ಆಗೋ ಗಳಿಗೆಗೇ ಹಾಡು ಶುರುವಾಗ್ಬೇಕು ಅಂತ ಆಸೆ. ಹಾಡು ಆರಿಸೋಕೇ ಮೂರು ದಿನ ಆಗಿತ್ತು."

"ಯಾವ ಹಾಡು?"

"ಹೇಳಲ್ಲ. ಪಂತ ರದ್ದು."

ಅವನು ಲೆಫ್ಟಿನೆಂಟ್‌ಗೆ ಒಂದಿಷ್ಟು ಕಾಳು ಎಸೆದ. ಆಮೇಲೆ, "ಹಾಗಾದ್ರೆ ಈ ಭಾನುವಾರ ಸುಮ್ನೆ ಬನ್ನಿ," ಎಂದ.

"ಪಂತ ಇಲ್ದೆ ಹೇಗೆ ಬರ್ಲಿ? ಜನ ಏನಂತಾರೆ?"

"ಒಂಬತ್ತಕ್ಕೆ ಉಳಿದ ಆಟ ಇದೆಯಲ್ಲ. ಅದರ ಮೇಲೆ ಕಟ್ಟೋಣ. ಮೂರು-ಒಂದು ಮುಂದಿದೀವಿ."

ಅರ್ಧದಿಂದ ಶುರುವಾಗುವ ಆಟಕ್ಕೆ ನಮ್ಮ ಅಂಗಡಿ ಪಂತ ಹಿಡಿಯುವುದಿಲ್ಲ. ಹಾಳೆಯಲ್ಲಿದೆ, ನಾನೇ ಬರೆದದ್ದು. ಅದನ್ನು ಹೇಳಲು ಸ್ವಲ್ಪ ಸಮಯ ಹಿಡಿಯಿತು, ಆದರೂ ಹೇಳಿದೆ. ಅವನು ತಲೆಯಾಡಿಸಿದ. "ನಿಯಮ ಅಂದ್ರೆ ನಿಯಮ." ಈ ಸಲ ಟೋಪಿ ಹಾಕಿಕೊಳ್ಳಲಿಲ್ಲ.

ತಿದ್ದುಪಡಿ ಪ್ರಕಟವಾಯಿತು. ಜೊತೆಗೆ ನಿಂಬೆಹಣ್ಣು ಕೊಟ್ಟ.

ಡಿಸೆಂಬರ್ 9, ಮಂಗಳವಾರ

ಪೆಲಿಕಾನೋಸ್ ಸೋತಿತು. 4-3. ಮೂಲ: ನನ್ನ ಎರಡು ಕಣ್ಣು, ಅಂಗಡಿಯಲ್ಲಿ ಟೀವಿಯ ಮುಂದೆ ಎಲ್ಲರೂ ಇದ್ದೆವು.

ಎರಡು ಸ್ಟ್ರೈಕ್ ಆಗಿದ್ದ ಆ ಸೆರ್ರಾನೋಸ್ ಆಟಗಾರ ಮೊದಲ ಚೆಂಡಿಗೇ ಔಟಾದ. ಎಲ್ಲರೂ ತಲೆ ತಿರುಗಿಸಿ ನನ್ನನ್ನು ನೋಡಿದರು. ನಾನು ಪೆನ್ಸಿಲು ಚೂಪು ಮಾಡಿದೆ. ಎಂಟನೇ ಇನಿಂಗ್ಸಿನವರೆಗೆ ಆ ನೋಟಗಳನ್ನು ಹೊತ್ತುಕೊಂಡು ಕೂತಿದ್ದೆ. ಒಂಬತ್ತರಲ್ಲಿ ನಮ್ಮ ಹುಡುಗರು ಎರಡು ಚೆಂಡು ಕೈಬಿಟ್ಟರು, ಸೆರ್ರಾನೋಸ್ ಮೂರು ರನ್ ಗಳಿಸಿತು, ಆಟ ಮುಗಿಯಿತು.

ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕುವುದು ಕಾಣಿಸುತ್ತಿತ್ತು. ಚೀಟಿ ಇಟ್ಟುಕೊಂಡಿದ್ದರೆ ಅಷ್ಟೂ ಹೋಗುತ್ತಿತ್ತು.

ಫೌಸ್ತೊ ಎದ್ದು ಎದೆಯ ಮೇಲೆ ಕೈಯಿಟ್ಟ. "ನಾನು ಮೊದಲಿಂದ್ಲೂ ಹೇಳ್ತಿದ್ದೆ. ದೋನ್ಯಾ ಸುನಿಲ್ದಾ ಅವರ ಹಾಳೆ ಅಂದ್ರೆ ಚಿನ್ನ."

"ಎಲ್ಲಿ ಹೇಳಿದ್ದೆ? ಯಾರ ಹತ್ರ?" ಎಂದ ಒಲೆಗಾರಿಯೊ. "ಸ್ಮಶಾನ ಅಂದೋನು ನೀನೇ ಅಲ್ವೇನೋ!"

"ಸ್ಮಶಾನದಲ್ಲೂ ಶಾಂತಿ ಇರುತ್ತೆ ಕಣೋ."

ದೋನ್ಯಾ ಕ್ರೂಸಿತಾ ಬಿಸಿ ಯಾನಿಕೆಕೆ ತಂದುಕೊಟ್ಟು ದುಡ್ಡು ಬೇಡವೆಂದರು. ಟ್ರಾನ್ಸ್‌ಫಾರ್ಮರ್ ಸಿಡಿದದ್ದು ದೇವರ ಕೆಲಸ, ಅದು ಅವರಿಗೆ ಕನಸಿನಲ್ಲಿ ಮೊದಲೇ ಕಂಡಿತ್ತಂತೆ.

ನಾನೂ ಒಂದು ಲೆಕ್ಕ ಹಾಕಿದೆ. ಪ್ಲಗ್ ಹಾಕದೆ ಆಟ ನಡೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಚೀಟಿ ಉಳಿಸಿಕೊಂಡಿದ್ದರೆ ಲೆಫ್ಟಿನೆಂಟ್ ಇಂದು ಹೊರಡಬೇಕಿತ್ತು. ಬೇಲಿಯ ಕಡೆಯ ನಿಶ್ಶಬ್ದವನ್ನು ಕಲ್ಪಿಸಿಕೊಂಡೆ. ನಿದ್ದೆಗೆ ಒಳ್ಳೆಯದಾಗುತ್ತಿತ್ತು ನಿಜ.

ಜನ ಚದುರಿದ ಮೇಲೆ ಎಲಿಹಿಯೊ ಕಿಟಕಿಗೆ ಬಂದ. "ಲೆಫ್ಟಿನೆಂಟ್ ನಿಮಗೆ ಋಣಿ, ವೆಸಿನಾ."

"ಶನಿವಾರ ಮತ್ತೆ ಸೆರ್ರಾನೋಸ್ ಜೊತೆ ಆಟ ಇದೆ," ಎಂದೆ. "ಕಟ್ಟೋದಾದ್ರೆ ಹೊಸ ಚೀಟಿ ಬರೀಬಹುದು. ಅದೇ ಪಣ."

ಇದು ವ್ಯಾಪಾರದ ಮಾತು. ಗಿರಾಕಿ ಪೇಟೆಯ ಅಂಗಡಿಗೆ ಹೋಗುವುದನ್ನು ತಪ್ಪಿಸಬೇಕಲ್ಲ.

ಡಿಸೆಂಬರ್ 12, ಶುಕ್ರವಾರ

ಒಲೆಗಾರಿಯೊನ ಪ್ಲಾಸ್ಟರ್ ತೆಗೆದರು. ನಡೆಯಬಹುದು, ಕೆಲಸಕ್ಕೆ ಕೂರಬಹುದು ಎಂದವರು ಡಾಕ್ಟರ್. ನನಗೆ ಅವಸರವೆನಿಸಿತು, ಇನ್ನೂ ಒಂದೆರಡು ತಿಂಗಳು ಅವನು ಕಾಲು ಚಾಚಿಕೊಂಡಿರುವುದೇ ಒಳ್ಳೆಯದು ಎಂದೆ. ಒಲೆಗಾರಿಯೊ ತೂಗುಕುರ್ಚಿಗೆ ಹೋಗಿ ಕೂತು ಸೀಟಿ ಹೊಡೆದ. ರಾಜಧಾನಿಯ ಮನೆಯೊಡತಿ ಫೋನ್ ಮಾಡಿ ಕೋಣೆ ಬೇಕೋ ಬೇಡವೋ ಎಂದು ಕೇಳಿದರು. ಬೇರೆಯವರಿಗೆ ಕೊಡಿ ಎಂದೆ. ಸಾಮಾನು ತುಂಬ ಇಲ್ಲ.

ಗೋಡೆಯ ಹಾಳೆಗೆ ಒಂದು ಕಲಮು ಸೇರಿಸಿದ್ದೇನೆ: ಕೊನೆಯ ಔಟ್ ಆಗುವ ತನಕ ಯಾರೂ ಸ್ಪೀಕರಿಗೆ ಪ್ಲಗ್ ಹಾಕುವಂತಿಲ್ಲ. ಫೌಸ್ತೊ ಓದಿ, ಇದರಲ್ಲೂ ಸಂದಿ ಇಲ್ಲವೆಂದು ನಿಟ್ಟುಸಿರು ಬಿಟ್ಟ.

ಆಮೇಲೆ ಎಲಿಹಿಯೊನ ಚೀಟಿ ಬರೆದೆ. ನಾಳೆ ನಮ್ಮ ಪಿಚರ್ ಯಾರೆಂದು ಇನ್ನೂ ಖಚಿತವಿಲ್ಲದ್ದರಿಂದ 'ಯಾರು ಎಸೆದರೂ ಸರಿ' ಎಂದು ಹಾಕಿದೆ. ಸೆರ್ರಾನೋಸ್ ಬಲವಾದ ತಂಡ, ಆದ್ದರಿಂದ ಪೆಲಿಕಾನೋಸ್‌ಗೆ ಒಂದೂವರೆ ರನ್ ಮುಂಗಡ ಕೊಡುವುದು ನ್ಯಾಯ. ಅವರು ಮೊನ್ನೆ ಒಂಬತ್ತನೇ ಇನಿಂಗ್ಸಿನಲ್ಲಿ ಆಡಿದ ರೀತಿ ನೆನೆದು ಅದನ್ನು ಎರಡೂವರೆ ಮಾಡಿದೆ. ಹವಾಮಾನದವರು ಮಳೆ ಇಲ್ಲ ಎನ್ನುತ್ತಾರೆ, ಆದರೆ ಅವರ ಮಾತನ್ನು 'ಹೇಳಲಾಗುತ್ತಿದೆ' ಎಂದು ಸೇರಿಸದೆ ನಾವು ಯಾವತ್ತೂ ಅಚ್ಚು ಹಾಕಿದವರಲ್ಲ. ಹಾಗಾಗಿ ಎಷ್ಟು ಇನಿಂಗ್ಸಿಗೆ ನಿಂತರೂ, ನಿಂತಾಗಿನ ಸ್ಕೋರಿಗೇ ತೀರ್ಮಾನ ಎಂದೂ ಬರೆದೆ. ಚೀಟಿ ಉದ್ದವಾಯಿತು.

ಕಿಟಕಿಯಾಚೆ ಎಲಿಹಿಯೊ ಅದನ್ನು ನಿಧಾನವಾಗಿ ಓದಿದ. ಓದುತ್ತ ಓದುತ್ತ ಅವನ ಮೀಸೆ ಅಲುಗಿತು.

"ಇದರಲ್ಲಿ ನಾನು ಸೋಲೋದು ಹೇಗೆ, ವೆಸಿನಾ?"

"ಮೂರು ರನ್ನಿಂದ ಸೋತ್ರೆ ಸೋತ ಹಾಗೆ. ಸ್ಪಷ್ಟವಾಗಿದೆಯಲ್ಲ."

ಅವನ ಹೆಗಲ ಮೇಲಿಂದ ಇಣುಕುತ್ತಿದ್ದ ಫೌಸ್ತೊ ಬೀದಿಗೆಲ್ಲ ಕೇಳುವಂತೆ ಕಿರುಚಿದ: "ದೋನ್ಯಾ! ಇಂಥಾ ಪಂತ ನಂಗೂ ಒಂದು ಕೊಡಿ!"

"ಇದು ಖಾಸಗಿ ಚೀಟಿ. ಅಂಗಡಿಯ ನಿಯಮಗಳು ಅನ್ವಯಿಸುವುದಿಲ್ಲ."

"ಅಯ್ಯಯ್ಯೋ, ನಿಯಮ ಇಲ್ದಿರೋ ಚೀಟಿ! ಒಲೆಗಾರಿಯೊ, ನಿಮ್ಮಕ್ಕಂಗೆ ಜ್ವರ ಬಂದಿದೆ ನೋಡೋ!"

"ಅದು ಜ್ವರ ಅಲ್ಲ ಬಿಡೋ," ಎಂದ ತಮ್ಮ, ಕುರ್ಚಿ ತೂಗುತ್ತ.

ಜ್ವರವಿಲ್ಲ. ನೋಡಿಕೊಂಡಿದ್ದೇನೆ.

ಸಂಜೆ ಮಾರುಕಟ್ಟೆಯಿಂದ ಮರಗೆಣಸು, ಬಾಳೆಕಾಯಿ, ಎರಡು ಕಟ್ಟು ಕೊತ್ತಂಬರಿ ತಂದಿಟ್ಟೆ. ಬರಿಗೈಯಲ್ಲಿ ಹೋಗುವುದು ನಮ್ಮ ಮನೆಯ ಪದ್ಧತಿಯಲ್ಲ.

ಆಟ ನಾಳೆ, ಶನಿವಾರ, ಸಂಜೆ ಐದಕ್ಕೆ. ಎಲಿಹಿಯೊನ ಮನೆಯಲ್ಲಿ ಊಟ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ.